ಭಾನುವಾರ ಯಾರದು?

ಬರುವ ಶನಿವಾರ, ಭಾನುವಾರ ಕುದುರೆ ಸವಾರಿ ಸ್ಪರ್ಧೆ, ನಾವು ಶೋ ಅನ್ನುವುದು, ಇದೆ. ನಮ್ಮ ಕುದುರೆಗಳಲ್ಲಿ ಗೌರಿ ನನ್ನ ಜೊತೆ 90 ಸೆಂಟಿಮೀಟರ್ ಎತ್ತರದ ಜಂಪಿಂಗಿಗೆ, ಬಾದಾಮಿ ನನ್ನ ಮಗಳ ಜೊತೆ 60 ಸೆಂಟಿಮೀಟರಿಗೆ. ಹಾಗಾಗಿ ಈ ವಾರ ನಮ್ಮ ಮನೆಯಲ್ಲಿ ಬೆಳಗಾಗುವುದು ನಾಲ್ಕೂವರೆಗೆ. ಮೊನ್ನೆ ಒಂದು ಮದುವೆಯಲ್ಲಿ ನೆಂಟರೊಬ್ಬರು ಕೇಳಿದರು, "ಗಂಡ, ಮಗಳು, ಅತ್ತೆ, ಬ್ಯಾಂಕ್ ಕೆಲಸ, ಇದರ ಮಧ್ಯೆ ಎರಡು ಕುದುರೆ ಬೇರೆ. ಹೇಗಮ್ಮಾ ನಿಭಾಯಿಸ್ತೀಯಾ?" ಎಲ್ಲರೂ ಕೇಳುವ ಪ್ರಶ್ನೆ ಇದು. ಮೊದಲೆಲ್ಲ ಹೆಮ್ಮೆಯಿಂದ ಉತ್ತರ ಕೊಡುತ್ತಿದ್ದೆ. ಈಗ ಹಾಗೆ ಕೊಡಲು ಮನಸ್ಸು ಬರುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಶೋ ಅಂದರೆ ಆ ಎರಡು ದಿನದ ಕೆಲಸ ಅಲ್ಲ. ಗೌರಿ ರೇಸ್ ಓಡಿ ಬಂದವಳು, ಹುಟ್ಟಿದ್ದು ಕುಣಿಗಲ್ ಸ್ಟಡ್ ಫಾರಂನಲ್ಲಿ, ಟಿಪ್ಪು ಕಾಲದಿಂದ ಕುದುರೆ ಬೆಳೆಸಿದ ಜಾಗದಲ್ಲಿ. ರೇಸ್ ಬಿಟ್ಟ ಕುದುರೆಗೆ ಓಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ, ತಾಳ್ಮೆಯಿಂದ ಹೆಜ್ಜೆ ಹಾಕುವುದನ್ನು ಕಲಿಸಲು ವರ್ಷಗಳೇ ಬೇಕು. ಲಾಳ ಕಟ್ಟಿಸುವುದು ಶೋಗೆ ಒಂದು ವಾರ ಮೊದಲೇ ಮುಗಿದಿರಬೇಕು. ಹಿಂದಿನ ದಿನ ಕಟ್ಟಿಸಿ, ಮೊಳೆ ಎಲ್ಲೋ ಒತ್ತಿದರೆ ಕುದುರೆ ಕುಂಟುತ್ತದೆ, ಅಷ್ಟೇ. ಮೇವನ್ನೂ ಬದಲಾಯಿಸುವ ಹಾಗಿಲ್ಲ. ಒಣಹುಲ್ಲು, ಓಟ್ಸ್, ಗೋಧಿ ಬೂಸಾ, ಒಂದಿಷ್ಟು ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ದಿನಾ ಅದೇ ಹೊತ್ತಿಗೆ ಅದೇ ಅಳತೆ. ಅಷ್ಟು ದೊಡ್ಡ ಪ್ರಾಣಿಗೆ ಜಠರ ತೀರಾ ಚಿಕ್ಕದು, ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆನೋವು ಜೋರಾದರೆ ಜೀವಕ್ಕೇ ಕುತ್ತು. ಬೇರೆ ಕಡೆ ಹೋದರೆ ನೀರಿನ ರುಚಿ ಹಿಡಿಸದೆ ಕುಡಿಯದೇ ನಿಂತುಬಿಡುತ್ತವೆ. ಅದಕ್ಕೆ ನಮ್ಮ ಬೋರ್‌ವೆಲ್ ನೀರನ್ನೇ ಕ್ಯಾನ್‌ಗಳಲ್ಲಿ ತುಂಬಿ ಲಾರಿಗೆ ಹಾಕುತ್ತೇವೆ. ಒಂದು ಕುದುರೆಗೆ ದಿನಕ್ಕೆ 30 ಲೀಟರ್ ಆದರೂ ಬೇಕು.

ಮನೆಯವರು ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ನಮ್ಮವರು ಬೆಳಿಗ್ಗೆ ಮಗಳ ಡಬ್ಬಿ ಕಟ್ಟುತ್ತಾರೆ. ಶುಕ್ರವಾರ ಸಂಜೆ ಅತ್ತೆ ಲಾಯಕ್ಕೆ ಬಂದು ಸ್ಟೂಲ್ ಮೇಲೆ ನಿಂತು ಗೌರಿಯ ಜೂಲಿಗೆ ಸಣ್ಣ ಸಣ್ಣ ಜಡೆ ಹಾಕುತ್ತಾರೆ. ಎಷ್ಟೋ ಮದುಮಕ್ಕಳಿಗೆ ಮೊಗ್ಗಿನ ಜಡೆ ಹೆಣೆದ ಕೈ ಅದು. ಅವರು ದಾರ ಬಿಗಿದ ಜಡೆ ಎರಡು ದಿನ ಅಲ್ಲಾಡುವುದಿಲ್ಲ. ಬಾದಾಮಿ ಮಾರ್ವಾಡಿ ತಳಿ, ಕಿವಿಯ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತದೆ. ಆ ಕಿವಿ ಒರೆಸುವ ಕೆಲಸ ಮಗಳದ್ದೇ, ಬೇರೆಯವರಿಗೆ ಬಿಡುವುದಿಲ್ಲ. ನನಗೆ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ರಜೆ. ಆ ಶನಿವಾರಗಳಲ್ಲಿ ಬೀಳುವ ಶೋಗಳಿಗೆ ಮಾತ್ರ ಹೆಸರು ಕೊಡುತ್ತೇನೆ. ಇದನ್ನೇ ನಾನು ನಿಭಾಯಿಸುವುದು ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದಿನ ಮಾತು. ಆ ವಾರ ಶುಕ್ರವಾರ ಸಂಜೆ ಮಗಳ ಶಾಲೆಯ ವಾರ್ಷಿಕೋತ್ಸವ, ಅವಳ ನೃತ್ಯ ಇತ್ತು. ಲಾಯದ ಕೆಲಸವನ್ನೆಲ್ಲ ಸೈಸ್ ಅಣ್ಣನಿಗೆ ಒಪ್ಪಿಸಿ ಹೋಗಿ ನೃತ್ಯ ನೋಡಿದೆ. ಸೈಸ್ ಅಂದರೆ ಕುದುರೆ ನೋಡಿಕೊಳ್ಳುವವರು, ನಮ್ಮಲ್ಲಿ ಇರುವವರು ಚಿಂತಾಮಣಿ ಕಡೆಯವರು. ಬೆಳಗಿನ ಜಾವ ಮೂರೂವರೆಗೆ ಕುದುರೆಗಳನ್ನು ಲಾರಿ ಹತ್ತಿಸಿದೆವು. ಶನಿವಾರ ರಾತ್ರಿ ಜೋರು ಮಳೆ. ನಾವು ಮನೆಗೆ ಬಂದು ಮಲಗಿದೆವು. ಭಾನುವಾರ ಆರು ಗಂಟೆಗೆ ಹೋಗಿ ನೋಡಿದರೆ ಸೈಸ್ ಅಣ್ಣ ಕುದುರೆ ಕಟ್ಟಿದ ಶೆಡ್ಡಿನ ಬಾಗಿಲಲ್ಲಿ ಟಾರ್ಪಾಲ್ ಹಾಸಿಕೊಂಡು ಮಲಗಿದ್ದರು, ಹೊದಿಕೆ ಅರ್ಧ ಒದ್ದೆ. ಕುದುರೆಗಳ ಕೆಳಗೆ ಒಣ ಹುಲ್ಲು ದಪ್ಪಗೆ ಹಾಸಿತ್ತು.

ಮಧ್ಯಾಹ್ನ ಅವರು ಗೌರಿಯನ್ನು ಹಿಡಿದುಕೊಂಡು ನಿಂತಿದ್ದಾಗ ಫೋನ್ ಬಂತು. ಕೈ ಬಿಡುವಿಲ್ಲ ಅಂತ ನನ್ನನ್ನೇ ಎತ್ತಲು ಹೇಳಿದರು. ಆ ಕಡೆಯಿಂದ ಪುಟ್ಟ ದನಿ, "ಅಪ್ಪಾ, ನಮ್ಮ ಕೋಲಾಟ ಆಯ್ತು, ಎಲ್ಲಾರೂ ಚಪ್ಪಾಳೆ ಹೊಡೆದ್ರು." ಆವತ್ತು ಅವರ ಊರಿನಲ್ಲೂ ಮಕ್ಕಳ ಕಾರ್ಯಕ್ರಮ ಇತ್ತು. ಅವರು ಹೇಳಿರಲಿಲ್ಲ. "ಯಾಕಣ್ಣ ಹೇಳಲಿಲ್ಲ?" ಅಂದರೆ, "ಶೋ ಇತ್ತಲ್ಲ ಮೇಡಂ" ಅಂದರು.

ಆ ದಿನ ಗೌರಿ ಒಂದೇ ಒಂದು ಕಂಬ ಬೀಳಿಸಿದಳು, ನಾಲ್ಕು ಫಾಲ್ಟ್, ಅಂದರೆ ನಾಲ್ಕು ದಂಡದ ಅಂಕ. ಅದು ಮನಸ್ಸಿನಲ್ಲಿ ಉಳಿಯಲೇ ಇಲ್ಲ.

ಅದಕ್ಕೂ ಮುಂಚಿನದು ಇನ್ನೊಂದು ನೆನಪಾಯಿತು. 2018ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಎರಡು ಬೆಳ್ಳಿ ಗೆದ್ದಾಗ ಪೇಪರಿನ ಫೋಟೊ ಕತ್ತರಿಸಿ ಲಾಯದ ಗೋಡೆಗೆ ಅಂಟಿಸಿದ್ದೆ. ಅದರಲ್ಲಿ ಒಂದು ಕುದುರೆ ಸವಾರಿಯಲ್ಲಿ ಭಾರತಕ್ಕೆ 36 ವರ್ಷದ ಮೇಲೆ ಬಂದ ವೈಯಕ್ತಿಕ ಪದಕ, ಕುಣಿದಾಡಿದ್ದೆವು. ಸೈಸ್ ಅಣ್ಣ ಫೋಟೊ ನೋಡಿ ಮೊದಲು ಕೇಳಿದ್ದು, "ಈ ಕುದುರೆ ನೋಡ್ಕೊಳ್ಳೋರು ಯಾರು ಮೇಡಂ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಬೇಕು ಅಂತಲೂ ಆಗ ಅನಿಸಲಿಲ್ಲ.

ನನ್ನ ಕೋಪ ಇರುವುದು ಇಲ್ಲೇ. ನಾವು ಕುದುರೆಯವರು ಒಟ್ಟಿಗೆ ಸೇರಿದರೆ "ವೀಕೆಂಡೆಲ್ಲ ಶೋನಲ್ಲೇ ಹೋಯಿತು, ಮಕ್ಕಳಿಗೆ ಟೈಮ್ ಇಲ್ಲ" ಅಂತ ಮಾತಾಡುತ್ತೇವೆ. ಆ ಮಾತಿನಲ್ಲಿ ಸೈಸ್‌ಗಳ ಮಕ್ಕಳು ಬರುವುದೇ ಇಲ್ಲ. ಬೆಳಿಗ್ಗೆ ಐದಕ್ಕೆ ಕಾಲು ಸವರಿ ಬಿಸಿ ಇದೆಯಾ ಅಂತ ನೋಡುವವರು ಅವರು. ಕುದುರೆ ಲದ್ದಿ ಹಾಕಿಲ್ಲ, ಪದೇ ಪದೇ ಹೊಟ್ಟೆ ಕಡೆ ತಿರುಗಿ ನೋಡುತ್ತಿದೆ ಅಂತ ರಾತ್ರಿ ಹನ್ನೆರಡಕ್ಕೆ ಫೋನ್ ಮಾಡುವವರು ಅವರು. ಒಂದು ಸಲ ಗೌರಿಯ ಜೀವ ಉಳಿದದ್ದು ಅಂಥ ಫೋನಿನಿಂದಲೇ, ಡಾಕ್ಟರ್ ಬರುವವರೆಗೂ ಅವಳನ್ನು ನಡೆಸುತ್ತಾ ಇದ್ದವರೂ ಅವರೇ. ಗೆದ್ದಾಗ ಕೊಡುವ ರಿಬ್ಬನ್ ಹೂವು, ಅಂದರೆ ರೋಸೆಟ್, ಕುದುರೆಯ ಕಡಿವಾಣಕ್ಕೆ, ಕಪ್ ನಮ್ಮ ಕೈಗೆ, ಫೋಟೊದಲ್ಲಿ ಅವರ ಅರ್ಧ ತೋಳು ಬಿದ್ದಿದ್ದರೆ ಅದನ್ನೂ ಕತ್ತರಿಸಿ ಹಾಕುತ್ತೇವೆ. "ಸಂಬಳ ಕೊಡ್ತೀವಲ್ಲ" ಅನ್ನುವವರಿದ್ದಾರೆ. ನನಗೂ ಬ್ಯಾಂಕ್ ಸಂಬಳ ಕೊಡುತ್ತದೆ, ಜೊತೆಗೆ ಶನಿವಾರದ ರಜೆಯನ್ನೂ ಕೊಡುತ್ತದೆ, ಅಲ್ವಾ? ಎರಡು ದಿನದ ಶೋ ಅಂದ ಮೇಲೆ ಸೈಸ್‌ಗಳಿಗೆ ಮಲಗಲು ಒಂದು ಒಣ ಜಾಗ, ಸ್ನಾನಕ್ಕೆ ನೀರು, ಹೊತ್ತಿಗೆ ಬಿಸಿ ಊಟ ಇರಲೇಬೇಕು. ಕುದುರೆ ಕಟ್ಟುವ ಜಾಗಕ್ಕೆ ದುಡ್ಡು ಕಟ್ಟುವಾಗಲೇ ಇದಕ್ಕೂ ಸೇರಿಸಿ ಕಟ್ಟಲು ಸವಾರರು ಒಪ್ಪಬೇಕು. ನಾನಂತೂ ಸಂತೋಷದಿಂದ ಕಟ್ಟುತ್ತೇನೆ.

ಈಗ ನಮ್ಮಲ್ಲಿ ಶೋ ಮುಗಿದ ಮರುದಿನವೇ ಸೈಸ್ ಅಣ್ಣ ಊರಿಗೆ ಹೊರಡುತ್ತಾರೆ, ಮೂರು ದಿನ. ಆ ಮೂರು ದಿನ ಲದ್ದಿ ತೆಗೆಯುವುದು, ಮಾಲೀಸು, ಗೊರಸು ಕೆರೆಯುವುದು ಎಲ್ಲ ನಾನು, ನಮ್ಮವರು. ಕಷ್ಟವೇ, ಬ್ಯಾಂಕಿನಲ್ಲಿ ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಹೆಸರು ಕೊಡುವ ಮುಂಚೆ ಅವರ ಮನೆಯ ದಿನಗಳನ್ನೂ ಕೇಳುತ್ತೇವೆ. ಕಳೆದ ಡಿಸೆಂಬರಿನಲ್ಲಿ ಅವರ ತಂಗಿಯ ಮದುವೆ ಗೊತ್ತಾದಾಗ ಶೋನಿಂದ ಹಿಂದೆ ಸರಿದೆವು. ಕಟ್ಟಿದ ದುಡ್ಡು ಹೋಯಿತು. ಮಗಳು ಎರಡು ದಿನ ಅತ್ತಳು, ನಾನು ಅವಳಿಗೆ ಸಮಾಧಾನ ಹೇಳಲಿಲ್ಲ, ಮದುವೆಗೆ ಕರೆದುಕೊಂಡು ಹೋದೆ. ಅಲ್ಲಿ ಅವಳಿಗೆ ಕೋಲಾಟದ ಹುಡುಗಿ ಗೆಳತಿಯಾದಳು.

ಈ ಸಲ ಆ ಹುಡುಗಿ, ಅವಳ ಅಮ್ಮ ಇಬ್ಬರೂ ಶೋ ನೋಡಲು ಬರುತ್ತಿದ್ದಾರೆ. ಅಪ್ಪ ಸಾಕಿದ ಕುದುರೆ ಹಾರುವುದನ್ನು ಅವಳು ಒಮ್ಮೆಯೂ ನೋಡಿಲ್ಲ. ನಮ್ಮ ಮನೆ ಮೈದಾನದಿಂದ ದೂರ, ರಾತ್ರಿ ಅಪ್ಪನ ಹತ್ತಿರವೇ ಇರಬೇಕು ಅಂತ ಅವಳ ಆಸೆ. ದೇವನಹಳ್ಳಿ ಕಡೆ ಯಾರ ಮನೆಯಲ್ಲಾದರೂ ಶುಕ್ರವಾರ, ಶನಿವಾರ ಎರಡು ರಾತ್ರಿಗೆ ಮೂವರು ಉಳಿಯುವ ಹಾಗೆ ಒಂದು ಕೋಣೆ ಸಿಗುತ್ತದಾ? ಇದ್ದರೆ ಮೆಸೇಜ್ ಮಾಡಿ, ಬಾಡಿಗೆ ನಾನು ಕೊಡುತ್ತೇನೆ. ಬಿಸಿನೀರು ಇದ್ದರೆ ಒಳ್ಳೆಯದು.