ಸುರತ್ಕಲ್‌ನಲ್ಲಿ ಇಳಿದು 'ಶೆಟ್ರ ಮನೆ ಎಲ್ಲಿ?'

ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಆಜ್ಞೆಗಳ ಬಗ್ಗೆ ನೀವು 'ಕಮಾಂಡಿನ ಹೆಸರು ಚಿಕ್ಕದಿದ್ದಷ್ಟೂ ಒಳ್ಳೆಯದು' ಎಂದು ಬರೆದಿದ್ದೀರಿ. ಒಪ್ಪುವುದು ಕಷ್ಟ ಮಾರಾಯ್ರೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಯೂಸರನ್ನು ಸೇರಿಸುವ 'ಕ್ರಿಯೇಟ್‌ಯೂಸರ್', ತೆಗೆಯುವ 'ಡ್ರಾಪ್‌ಯೂಸರ್' ನೋಡಿ. ಯಾರ ಯೂಸರ್? ಡೇಟಾಬೇಸಿನದೋ, ಕಂಪ್ಯೂಟರ್ ನಡೆಸುವ ಲಿನಕ್ಸಿನದೋ? ಪಕ್ಕದಲ್ಲೇ ಲಿನಕ್ಸಿನ 'ಯೂಸರ್‌ಆಡ್' ಬೇರೆ ಉಂಟು. ಸುರತ್ಕಲ್‌ನಲ್ಲಿ ಬಸ್ಸಿಳಿದು ಬರೀ 'ಶೆಟ್ರ ಮನೆ ಎಲ್ಲಿ' ಅಂತ ಕೇಳಿದ ಹಾಗೆ. ಬ್ಯಾಕಪ್ ತೆಗೆಯುವ 'ಪಿಜಿ_ಡಂಪ್' ಆದರೆ ಅಡ್ಡಿಯಿಲ್ಲ, 'ಪಿಜಿ' ಅಂದರೆ ಪೋಸ್ಟ್‌ಗ್ರೆಸ್, ಮನೆತನದ ಹೆಸರು ಮೊದಲೇ ಉಂಟು.

ಇದಕ್ಕಿಂತ ಅಪಾಯದ್ದು 'ಪಿಜಿ_ಎಕ್ಸ್‌ಲಾಗ್' ಎಂಬ ಫೋಲ್ಡರ್. ಸರ್ವರ್ ಹಠಾತ್ತನೆ ನಿಂತರೂ ಡೇಟಾ ಉಳಿಯಲೆಂದು ಪ್ರತಿ ಬದಲಾವಣೆಯನ್ನು ಮೊದಲು ಬರೆದಿಡುವುದು ಅಲ್ಲೇ. 'ಲಾಗ್' (ಸಾಮಾನ್ಯವಾಗಿ ನಡೆದದ್ದನ್ನು ಬರೆದಿಡುವ ದಿನಚರಿ) ಎಂದು ಕಂಡದ್ದೇ ತಡ, ಡಿಸ್ಕ್ ತುಂಬಿದಾಗ ಹಳೆ ಕಸವೆಂದು ಅಳಿಸಿ ಡೇಟಾಬೇಸನ್ನೇ ಮಲಗಿಸಿದವರಿದ್ದಾರೆ. ಕೊನೆಗೆ 2017ರಲ್ಲಿ, 10ನೇ ಆವೃತ್ತಿಯಲ್ಲಿ, ಅದನ್ನು 'ಪಿಜಿ_ವಾಲ್' ಮಾಡಿದರು; ವಾಲ್ ಅಂದರೆ 'ರೈಟ್-ಅಹೆಡ್ ಲಾಗ್', ಮೊದಲೇ ಬರೆದಿಡುವ ದಾಖಲೆ, ಈಗ ಹೆಸರಿನಲ್ಲಿ 'ಲಾಗ್' ಕಾಣುವುದಿಲ್ಲ. 'ಪಿಜಿ_ರೀಸೆಟ್‌ಎಕ್ಸ್‌ಲಾಗ್' ಕಮಾಂಡೂ 'ಪಿಜಿ_ರೀಸೆಟ್‌ವಾಲ್' ಆಯಿತು. ಹಳೆ ಹೆಸರನ್ನೇ ನಂಬಿದ್ದ ಸ್ಕ್ರಿಪ್ಟುಗಳು (ಕಮಾಂಡುಗಳನ್ನು ಬರೆದಿಟ್ಟ ಫೈಲುಗಳು) ಕೈಕೊಟ್ಟವು. ಬೈಕಂಪಾಡಿಯ ನಮ್ಮ ಆಫೀಸಿನ ಬ್ಯಾಕಪ್ ಸ್ಕ್ರಿಪ್ಟೂ ಅದರಲ್ಲಿ ಒಂದು, ನನ್ನ ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಆದರೂ ಆ ಬದಲಾವಣೆಗೇ ನನ್ನ ಓಟು.