ಕಿಚನ್ ಹಾಳಾಗೋದು ಸಿಂಕಿನ ಕೆಳಗೆ, ನಾವು ನೋಡೋದು ಶಟರ್ ಬಣ್ಣ

ಮಾಡ್ಯುಲರ್ ಕಿಚನ್ ಮಾಡಿಸೋಕೆ ಹೊರಟವರು ಮೊದಲು ಕೇಳೋದು ಶಟರಿನ, ಅಂದರೆ ಕಪಾಟಿನ ಬಾಗಿಲಿನ ಬಣ್ಣ. ಅಕ್ರಿಲಿಕ್ಕೋ ಲ್ಯಾಮಿನೇಟೋ, ಗ್ಲಾಸಿಯೋ ಮ್ಯಾಟೋ. ಆಮೇಲೆ ಹ್ಯಾಂಡಲ್. ಬಾಕ್ಸ್ ಯಾವ ಬೋರ್ಡಿನದು, ಸಿಂಕಿನ ಕೆಳಗೆ ಏನು ಹಾಕ್ತೀರಿ, ಡ್ರಾಯರ್ ಜಾರೋ ಚಾನೆಲ್ ಎಷ್ಟು ಕೆಜಿ ತಡೆಯುತ್ತೆ ಅಂತ ಕೇಳೋ ಹೊತ್ತಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತೆ. ಬಿಡಿ ಹಲಗೆಗಳಾಗಿ ಡಬ್ಬದಲ್ಲಿ ಬಂದು ಮನೆಯಲ್ಲೇ ಜೋಡಿಸೋ ಫ್ಲಾಟ್‌ಪ್ಯಾಕ್ ಕಿಚನ್ ಕಡಿಮೆ ಬಜೆಟ್ಟಿನವರಿಗೆ ಒಳ್ಳೆಯ ಆಯ್ಕೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದರಿಂದ ಉಳಿದ ದುಡ್ಡಿನ ಒಂದು ಪಾಲು ಸಿಂಕಿನ ಬಾಕ್ಸಿಗೂ ಡ್ರಾಯರ್ ಚಾನೆಲ್ಲಿಗೂ ಹೋಗಲೇಬೇಕು. ಶಟರ್ ಸಾದಾ ಇದ್ದರೆ ಯಾರ ಗಂಟೂ ಹೋಗಲ್ಲ.

ಮೊದಲು ನಿಮ್ಮ ಅಡುಗೆಮನೆ ಇದಕ್ಕೆ ಒಗ್ಗುತ್ತಾ ನೋಡಿ. ಕಡಪ ಕಲ್ಲನ್ನೋ ಇಟ್ಟಿಗೆ ಗೋಡೆಯನ್ನೋ ನಿಲ್ಲಿಸಿ ಮೇಲೆ ಗ್ರಾನೈಟ್ ಕೂರಿಸಿರೋ ಹಳೇ ಕಟ್ಟೆಯ ಕೆಳಗೆ ರೆಡಿ ಬಾಕ್ಸ್ ಹಿಡಿಯೋದು ಕಷ್ಟ. ಬಾಕ್ಸೇ 72 ಸೆಂ.ಮೀ. ಎತ್ತರ, ಅದರ ಕೆಳಗೆ ಕಾಲು ಬೇರೆ. ಕಟ್ಟೆಯ ಕೆಳಗೆ ಅಷ್ಟು ತೆರಪು ಸಾಮಾನ್ಯವಾಗಿ ಇರಲ್ಲ. ಅಂಥ ಕಡೆ ಕಟ್ಟೆ ಒಡೆಸಬೇಕು, ಇಲ್ಲವೇ ಫ್ರೇಮು, ಶಟರು, ಬುಟ್ಟಿ ಮಾತ್ರ ಹಾಕಿಸಬೇಕು. ಎರಡನೆಯದು ಅಗ್ಗ, ಬಾಳಿಕೆಯೂ ಚೆನ್ನಾಗಿರುತ್ತೆ, ಯಾಕೆಂದರೆ ಗ್ರಾನೈಟಿನ ಭಾರ ಹೊರೋದು ಕಲ್ಲೇ ಹೊರತು ಬೋರ್ಡ್ ಅಲ್ಲ. ಕಟ್ಟೆ ಇಲ್ಲದ ಬರೀ ಗೋಡೆ ಇದ್ದರೆ ಮಾತ್ರ ಮುಂದೆ ಓದಿ.

ಎತ್ತರದ ಲೆಕ್ಕ ಅಡುಗೆ ಮಾಡುವವರ ಮೊಣಕೈಯಿಂದ ಶುರುವಾಗಬೇಕು. ಮೊಣಕೈಗಿಂತ 10ರಿಂದ 15 ಸೆಂ.ಮೀ. ಕೆಳಗೆ ಕಟ್ಟೆ ಇದ್ದರೆ ಭುಜ ನೋಯಲ್ಲ. ಐದಡಿ ಎತ್ತರದವರಿಗೆ ಅದು ಸುಮಾರು 81ರಿಂದ 86 ಸೆಂ.ಮೀ. ನಮ್ಮ ಕಡೆಯ ಫ್ಯಾಕ್ಟರಿ ಬಾಕ್ಸ್ 72, ಕಾಲು 10, ಗ್ರಾನೈಟ್ 2, ಒಟ್ಟು 84: ಸರಿಹೋಯ್ತು. 2022ರ ಜೂನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಅಂಗಡಿ ತೆರೆದ ಐಕಿಯಾದ ಕಿಚನ್ ಮಾದರಿ ಮೆಟೋಡ್‌ನ ಬಾಕ್ಸ್ 80, ಕಾಲು 8, ಮೇಲೆ ಕಲ್ಲು ಸೇರಿ 90. ಉದ್ದ ಇರುವವರಿಗೆ ಅದೇ ಹಿತ. ಗಿಡ್ಡ ಇರುವವರು 90ರ ಕಟ್ಟೆ ಮೇಲೆ ಗ್ಯಾಸ್ ಸ್ಟವ್ ಇಟ್ಟು, ಅದರ ಮೇಲೆ ದೊಡ್ಡ ಕುಕ್ಕರ್ ಇಟ್ಟರೆ ಒಳಗೆ ಇಣುಕೋಕೆ ಸ್ಟೂಲ್ ಬೇಕಾಗುತ್ತೆ. ಇನ್ನೊಂದು ಸಂಗತಿ, ಮೆಟೋಡ್ ಬಾಕ್ಸು ಪೂರ್ತಿ ಗೋಡೆಗೆ ಅಂಟಿ ಕೂರೋ ವಿನ್ಯಾಸ, ಹಿಂದೆ ಪೈಪಿಗೆ ತೆರಪು ಇಲ್ಲ. ಗೋಡೆಯ ಮೇಲೆ ಪೈಪ್ ಓಡಿರೋ ಮನೆಯಲ್ಲಿ ಬಾಕ್ಸಿನ ಹಿಂಭಾಗ ಕತ್ತರಿಸಬೇಕಾಗುತ್ತೆ, ಇಲ್ಲ ಬಾಕ್ಸನ್ನೇ ಮುಂದೆ ತಂದು ಅಗಲದ ಕಲ್ಲು ಹಾಕಬೇಕು. 56 ಸೆಂ.ಮೀ. ಆಳದ ಲೋಕಲ್ ಬಾಕ್ಸಿಗೆ ಈ ತಾಪತ್ರಯ ಕಮ್ಮಿ.

ಇನ್ನು ಅಳತೆ. ನಮ್ಮ ಗಾರೆ ಕೆಲಸದಲ್ಲಿ ಎರಡು ಗೋಡೆ ಸಮಾನಾಂತರವಾಗಿ ಇರೋದು ಅಪರೂಪ. ಗೋಡೆಯಿಂದ ಗೋಡೆಗೆ ಮೂರು ಕಡೆ ಅಳೀರಿ: ನೆಲದಲ್ಲಿ, 85 ಸೆಂ.ಮೀ. ಎತ್ತರದಲ್ಲಿ, ಏಳಡಿ ಎತ್ತರದಲ್ಲಿ. ಟೈಲ್ಸ್ ಅಂಟಿಸಿದ ಮೇಲೇ ಅಳೀಬೇಕು, ಟೈಲು ಗಾರೆ ಸೇರಿ ಒಂದೊಂದು ಕಡೆ ಎರಡು ಸೆಂ.ಮೀ. ತಿನ್ನುತ್ತೆ. 2985, 2970, 2955 ಮಿ.ಮೀ. ಬಂತು ಅನ್ನಿ, ಹಿಡಿಯಬೇಕಾದ್ದು 2955. ಅದರಲ್ಲಿ 600ರ ಡ್ರಾಯರ್ ಬಾಕ್ಸ್, ಸ್ಟವ್ ಕೆಳಗೆ 900, ಮಸಾಲೆ ಎಣ್ಣೆಗೆ 450, ಸಿಂಕಿಗೆ 900. ಒಟ್ಟು 2850. ಉಳಿದ 105ನ್ನು ‘ವೇಸ್ಟ್ ಆಯ್ತಲ್ಲ’ ಅಂತ ಸಂಕಟಪಡಬೇಡಿ, ಎರಡೂ ತುದಿಗೆ ಐದೈದು ಸೆಂ.ಮೀ. ಫಿಲ್ಲರ್ ಪಟ್ಟಿ ಬರಲಿ. ಪಟ್ಟಿ ಇಲ್ಲದೆ ಗೋಡೆಗೆ ಒತ್ತಿ ಕೂರಿಸಿದ ಡ್ರಾಯರು ಬಾಗಿಲ ಚೌಕಟ್ಟಿಗೋ ಟೈಲ್ಸಿಗೋ ತಾಗಿ ಅರ್ಧಕ್ಕೆ ನಿಲ್ಲುತ್ತೆ. ಎಲ್ ಆಕಾರದ ಕಿಚನ್ನಿನ ಮೂಲೆಯಲ್ಲಂತೂ ಪಟ್ಟಿ ಬಿಟ್ಟರೆ ಎರಡು ಡ್ರಾಯರಿನ ಹ್ಯಾಂಡಲ್‌ಗಳು ಒಂದಕ್ಕೊಂದು ಗುದ್ದುತ್ತವೆ. ಮೂಲೆ ಸರಿ ಇದೆಯೋ ಅಂತ ನೋಡೋಕೆ ಒಂದು ಗೋಡೆ ಮೇಲೆ 90, ಇನ್ನೊಂದರ ಮೇಲೆ 120 ಸೆಂ.ಮೀ. ಗುರುತು ಹಾಕಿ, ಅಡ್ಡ ಅಳತೆ ಸರಿಯಾಗಿ 150 ಬರಬೇಕು. ಬರದಿದ್ದರೆ ಕಲ್ಲಿನವರಿಗೆ ಮೊದಲೇ ಹೇಳಿ.

ಬೋರ್ಡಿನ ವಿಷಯದಲ್ಲಿ ಮಾರುವವರ ಮಾತು ಜಾಸ್ತಿ. ಒಳಗೆ ಹಸಿರು ಬಣ್ಣ ಕಂಡರೆ ‘ವಾಟರ್‌ಪ್ರೂಫ್ ಸಾರ್’ ಅಂತಾರೆ. ಹಸಿರು ಅನ್ನೋದು ಬಣ್ಣ ಅಷ್ಟೇ, ತೇವ ತಡೆಯೋದು ಅಂಟು. ಒಂದು ತುಂಡು ಕೇಳಿ ಇಸ್ಕೊಳ್ಳಿ, ದಪ್ಪ ಅಳೆದು ಒಂದು ದಿನ ಬಕೆಟ್ ನೀರಲ್ಲಿ ಮುಳುಗಿಸಿ, ಮತ್ತೆ ಅಳೀರಿ. 18 ಮಿ.ಮೀ. ಬೋರ್ಡು 20 ದಾಟಿದರೆ ಅದು ಮೇಲಿನ ಕಪಾಟಿಗೆ ಮಾತ್ರ ಸರಿ. ನನ್ನ ಲೆಕ್ಕದಲ್ಲಿ ಮೇಲಿನ ಬಾಕ್ಸುಗಳಿಗೆ ಪ್ರೀಲ್ಯಾಮಿನೇಟೆಡ್ ಪಾರ್ಟಿಕಲ್ ಬೋರ್ಡ್ ಸಾಕು, ಕೆಳಗಿನವಕ್ಕೆ ತೇವ ಹೆಚ್ಚು ತಡೆಯೋ ಒತ್ತು ಬೋರ್ಡಾದ ಎಚ್‌ಡಿಎಚ್‌ಎಂಆರ್, ಸಿಂಕಿನ ಬಾಕ್ಸ್ ಒಂದಕ್ಕೆ ಐಎಸ್ 710 ಮುದ್ರೆ ಇರೋ ಬಿಡಬ್ಲ್ಯುಪಿ, ಅಂದರೆ ಕುದಿನೀರು ತಡೆಯೋ ಪ್ಲೈವುಡ್. ಆ ಮುದ್ರೆ ಬೀಳಬೇಕಾದರೆ ಪ್ಲೈ 72 ಗಂಟೆ ಕುದಿಯೋ ನೀರಲ್ಲಿ ತಡೀಬೇಕು. ಐಎಸ್ 303 ಅಂತಷ್ಟೇ ಇದ್ದರೆ ಅದು ನೀರನ್ನು ಅಷ್ಟು ತಡೆಯದ ಬೇರೆ ದರ್ಜೆ. ಫ್ಲಾಟ್‌ಪ್ಯಾಕ್ ಕಂಪನಿ ಬೇರೆ ಬೋರ್ಡ್ ಕೊಡಲ್ಲ ಅಂದರೆ ಸಿಂಕಿನದೊಂದನ್ನು ಲೋಕಲ್ ಕಾರ್ಪೆಂಟರ್ ಹತ್ತಿರ ಅದೇ ಅಳತೆಗೆ ಮಾಡಿಸಿ, ಶಟರ್ ಮಾತ್ರ ಅವರದ್ದೇ ಹಾಕಿ, ಹೊರಗಿನಿಂದ ಗೊತ್ತಾಗಲ್ಲ. ಕರಾವಳಿ, ಮಲೆನಾಡಿನವರು ಕೆಳಗಡೆ ಪಾರ್ಟಿಕಲ್ ಬೋರ್ಡ್ ಯೋಚನೆಯನ್ನೇ ಬಿಡಿ. ಅಲ್ಲಿ ಮಳೆಗಾಲದ ತೇವ ಒಂದು ಕಡೆ, ಗೆದ್ದಲು ಇನ್ನೊಂದು ಕಡೆ.

ಎಷ್ಟೇ ಒಳ್ಳೆ ಬೋರ್ಡಾದರೂ ನೀರು ನುಗ್ಗೋದು ಕತ್ತರಿಸಿದ ಅಂಚಿನಿಂದ. ಫ್ಯಾಕ್ಟರಿಯಲ್ಲಿ ಅಂಚು ಮುಚ್ಚೋ ಪಟ್ಟಿ, ಎಡ್ಜ್ ಬ್ಯಾಂಡ್ ಹಾಕಿರ್ತಾರೆ, ಶಟರಿಗೆ 2 ಮಿ.ಮೀ. ಕೇಳಿ. ಎಡವಟ್ಟಾಗೋದು ಸೈಟಿನಲ್ಲಿ. ಪ್ಲಂಬರ್ ಬಂದು ವೇಸ್ಟ್ ಪೈಪಿಗೆ ಅಂತ ಜಿಗ್‌ಸಾ ಹಿಡಿದು ತೂತು ಕೊರೀತಾನೆ, ಹಸಿ ಅಂಚನ್ನು ಹಾಗೇ ಬಿಟ್ಟು ಹೋಗ್ತಾನೆ. ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪಿನಿಂದ ದಿನಾ ನಾಲ್ಕು ಹನಿ ಬಿದ್ದರೂ ಬೋರ್ಡು ಅಲ್ಲಿಂದ ಉಬ್ಬಿಕೊಂಡು ಬರುತ್ತೆ. ತೂತು ಹೋಲ್‌ಸಾದಲ್ಲಿ ದುಂಡಗೆ ಕೊರೆಸಿ, ಅಂಚಿಗೆ ಎರಡು ಸಲ ಪಿಯು (ಪಾಲಿಯುರೆಥೇನ್) ಸೀಲರ್ ಬಳಿಸಿ, ಪೈಪಿನ ಸುತ್ತ ಸಿಲಿಕಾನ್ ತುಂಬಿಸಿ, ಬಾಕ್ಸಿನ ತಳಕ್ಕೆ ಅಂಚು ಮಡಚಿದ ಅಲ್ಯೂಮಿನಿಯಂ ಟ್ರೇ ಇಡಿ. ಇಡೀ ಕಿಚನ್ನಿನಲ್ಲಿ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ.

ಹಾರ್ಡ್‌ವೇರಿಗೆ ಬಂದರೆ, ಸ್ಟೀಲ್ ತಂತಿ ಬುಟ್ಟಿ ಕಮ್ಮಿ ಮಾಡಿ. ಅಂಗಡಿಯವರು ಮ್ಯಾಗ್ನೆಟ್ ಇಟ್ಟು ‘ನೋಡಿ, ಹಿಡಿಯಲ್ಲ, 304’ ಅಂತಾರೆ, ಅಂದರೆ ತುಕ್ಕು ಸುಲಭಕ್ಕೆ ಹಿಡಿಯದ ಒಳ್ಳೆ ದರ್ಜೆಯ ಸ್ಟೀಲ್. ಅದಕ್ಕಿಂತ ಅಗ್ಗದ 202 ದರ್ಜೆಯದಕ್ಕೂ ಮ್ಯಾಗ್ನೆಟ್ ಹಿಡಿಯಲ್ಲ. ಉಪ್ಪು, ಹುಣಸೆಹುಳಿ ತಾಗಿದಾಗಲೇ ಅದರ ಬಣ್ಣ ಬಯಲಾಗೋದು. ಅದರ ಬದಲು ಗಟ್ಟಿ ತಳದ ಡ್ರಾಯರು, ಪೂರ್ತಿ ಹೊರಗೆ ಬರೋ 500 ಮಿ.ಮೀ. ಚಾನೆಲ್. ಕುಕ್ಕರು, ಬಾಣಲೆ, ದೋಸೆಕಲ್ಲು ತುಂಬೋ 900ರ ಡ್ರಾಯರಿಗೆ 30 ಕೆಜಿ ಚಾನೆಲ್ ಸಾಲದು, 50 ಕೆಜಿಯದು ಹಾಕಿಸಿ. ವೆಟ್ ಗ್ರೈಂಡರನ್ನು ಯಾವ ಡ್ರಾಯರಲ್ಲೂ ಇಡಬೇಡಿ, ಅದರ ಜಾಗ ಯುಟಿಲಿಟಿಯ ಕಲ್ಲು.

ಜೋಡಿಸೋ ಕೆಲಸಕ್ಕೆ ಎಲ್ಲರೂ ಹೆದರ್ತಾರೆ, ಅದೇ ಸುಲಭದ ಭಾಗ. ಡೋವೆಲ್ (ಮರದ ಗೂಟ) ಕೂರಿಸಿ, ಎರಡು ಹಲಗೆ ಸಂದಿಲ್ಲದೆ ಸೇರೋ ತನಕ ಒತ್ತಿ, ಆಮೇಲೆ ಹಲಗೆಗಳನ್ನು ಬಿಗಿಹಿಡಿಯೋ ತಿರುಗು ಲಾಕ್ ಆದ ಮಿನಿಫಿಕ್ಸ್ ತಿರುಗಿಸಿ. ಸಂದು ಇರುವಾಗಲೇ ತಿರುಗಿಸಿ ಎಳೆಯೋಕೆ ಹೋದರೆ ಬೋರ್ಡಿನ ತೂತು ಪುಡಿಯಾಗುತ್ತೆ. ಕೈ ಸ್ಕ್ರೂಡ್ರೈವರ್ ಮಾತ್ರ, ಡ್ರಿಲ್ ಬೇಡ. ಹಿಂದಿನ ಹಲಗೆಗೆ ಸ್ಕ್ರೂ ಹೊಡೆಯೋ ಮುಂಚೆ ಎರಡೂ ಕರ್ಣ ಅಳೀರಿ, 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮುಂದೆ ಶಟರ್ ಸಾಲು ಕೂರಲ್ಲ. ಸ್ವಂತ ಮನೆಯಾದರೆ ಡೋವೆಲ್ಲಿಗೆ ಫೆವಿಕಾಲ್ ಹಾಕಿ, ಬಾಡಿಗೆ ಮನೆಯಾದರೆ ಬೇಡ, ಮುಂದೆ ಬಿಚ್ಚಬೇಕಲ್ಲ.

ಕೂರಿಸೋವಾಗ ಮೇಲಿನ ಬಾಕ್ಸ್ ಮೊದಲು. ಟ್ಯೂಬ್ ಲೆವೆಲ್ಲಿನಲ್ಲೋ ಲೇಸರಿನಲ್ಲೋ ಗೋಡೆ ಪೂರ್ತಿ ಒಂದು ಗೆರೆ ಎಳೀರಿ. ಕಟ್ಟೆ ಬರೋ 84ರ ಮಟ್ಟದಿಂದ 58 ಸೆಂ.ಮೀ. ಮೇಲೆ 72ರ ಬಾಕ್ಸ್ ನೇತುಹಾಕಿದರೆ ತಲೆ ಸರಿಯಾಗಿ ಏಳಡಿ ಲಿಂಟಲ್ ಮಟ್ಟಕ್ಕೆ ಬರುತ್ತೆ. ಸ್ಟೀಲ್ ಡಬ್ಬ, ತಟ್ಟೆ ತುಂಬಿದ ಒಂದು ಬಾಕ್ಸ್ ಸಲೀಸಾಗಿ 40 ಕೆಜಿ ದಾಟುತ್ತೆ, ಹಾಗಾಗಿ ಗೋಡೆ ಯಾವುದು ಅಂತ ತಿಳಿದಿರಬೇಕು. ಗಟ್ಟಿ ಕಾಂಕ್ರೀಟ್ ಬ್ಲಾಕಿಗೆ ಮಾಮೂಲಿ 10 ಮಿ.ಮೀ. ಪ್ಲಗ್ ಸಾಕು. ಹೊಸ ಅಪಾರ್ಟ್‌ಮೆಂಟಿನ ಹಗುರ, ರಂಧ್ರಮಯ ಎಎಸಿ ಬ್ಲಾಕಿನಲ್ಲಿ ಅದೇ ಪ್ಲಗ್ ಸ್ಕ್ರೂ ಸಮೇತ ಕೈಗೆ ಬರುತ್ತೆ. ಅದಕ್ಕಂತಲೇ ಇರೋ ಪ್ಲಗ್ ತನ್ನಿ, ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ಕೊರೀರಿ.

ಕೆಳಗಿನ ಸಾಲನ್ನು ನೆಲ ಎಲ್ಲಿ ಅತಿ ಎತ್ತರ ಇದೆಯೋ ಆ ಮಟ್ಟಕ್ಕೆ ಹೊಂದಿಸಿ, ಮೂಲೆಯಿಂದ ಶುರುಮಾಡಿ, ಉಳಿದವುಗಳ ಕಾಲು ಎತ್ತರಿಸುತ್ತಾ ಬನ್ನಿ. ಹತ್ತಡಿ ಉದ್ದ ಎರಡಡಿ ಅಗಲದ 20 ಮಿ.ಮೀ. ಗ್ರಾನೈಟ್ ಹತ್ತಿರ ಹತ್ತಿರ 100 ಕೆಜಿ. ಒಂದು ಕಾಲು ಗಾಳಿಯಲ್ಲಿದ್ದರೆ ಆ ಭಾರ ಪಕ್ಕಕ್ಕೆ ವಾಲಿ, ಸಿಂಕಿನ ಕಟಿಂಗ್ ಹತ್ತಿರ ಕಲ್ಲು ಸೀಳುತ್ತೆ. ಸಿಂಕಿನ ಮುಂದೆ ಕನಿಷ್ಠ ಮೂರಿಂಚು ಕಲ್ಲು ಉಳಿಸೋಕೆ ಹೇಳಿ. ಬೆಂಗಳೂರಿನ ಹತ್ತಿರದ ಗ್ರಾನೈಟ್ ಊರು ಜಿಗಣಿಯಿಂದ ತರಿಸೋದಾದರೆ ಸಿಂಕ್ ಕೈಯಲ್ಲಿದ್ದ ಮೇಲೇ ಕಟಿಂಗ್ ಅಳತೆ ಕೊಡಿ, ಕೆಟಲಾಗ್ ನೋಡಿ ಅಲ್ಲ.

ಸಿಲಿಂಡರ್ ಒಳಗೇ ಇಡೋದಾದರೆ ಆ ಬಾಕ್ಸಿಗೆ ತಳ ಬೇಡ, ಶಟರಿಗೆ ಮೇಲೂ ಕೆಳಗೂ ಜಾಲರಿ ಬೇಕು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತೆ. ಟ್ಯೂಬ್ ಒಂದೂವರೆ ಮೀಟರಿಗಿಂತ ಉದ್ದ ಆಗಬಾರದು.

ಕೊಟೇಶನ್ ಚದರಡಿ ಲೆಕ್ಕದಲ್ಲಿ ಬಂದರೆ ವಾಪಸ್ ಕಳಿಸಿ. ಬಾಕ್ಸಿಗೆಷ್ಟು, ಶಟರಿಗೆಷ್ಟು, ಹಿಂಜ್ ಚಾನೆಲ್ ಯಾವ ಕಂಪನಿ ಯಾವ ಮಾಡೆಲ್, ಎಷ್ಟು ಜೊತೆ, ಹೀಗೆ ಬಿಡಿಬಿಡಿಯಾಗಿ ಕೇಳಿ. ಫಿಲ್ಲರ್, ಸ್ಕರ್ಟಿಂಗ್, ಪಕ್ಕದ ಪ್ಯಾನೆಲ್, ಸಾಗಣೆ, ಜೋಡಣೆ, ಜಿಎಸ್‌ಟಿ ಒಳಗಿದೆಯೋ ಹೊರಗಿದೆಯೋ ಬರೆಸಿಕೊಳ್ಳಿ. ಗ್ರಾನೈಟ್, ಸಿಂಕ್, ಪ್ಲಂಬಿಂಗ್ ಹೆಚ್ಚಾಗಿ ಹೊರಗೇ ಇರುತ್ತೆ. ಕೊನೇ ಕಂತು ಕೊಡೋ ಮುಂಚೆ ಸಿಂಕ್ ತುಂಬ ನೀರು ನಿಲ್ಲಿಸಿ ಒಮ್ಮೆಲೇ ಬಿಡಿ, ಟ್ರೇಯಲ್ಲಿ ಒಣ ಪೇಪರ್ ಹಾಸಿ ಮರುದಿನ ನೋಡಿ. ಶಟರುಗಳ ಸಾಲು ಒಂದು ತಿಂಗಳಲ್ಲಿ ಸ್ವಲ್ಪ ಇಳಿಯೋದು ಸಹಜ, ಹಿಂಜಿನ ಸ್ಕ್ರೂ ತಿರುಗಿಸಿ ನೀವೇ ಸರಿಮಾಡಬಹುದು. ಅದಕ್ಕೆಲ್ಲ ಸರ್ವಿಸ್ ಚಾರ್ಜ್ ಕೊಡಬೇಡಿ.