ರಜೆಯ ಕೊನೆಯ ವಾರಕ್ಕೆ ತೆಳ್ಳನೆ ಪುಸ್ತಕ ಸಾಕು

ಆಗಸ್ಟ್ ಮೂರನೇ ವಾರ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಕನ್ನಡದ ಮನೆಗಳಲ್ಲಿ ಒಂದೇ ಗಲಾಟೆ: "ಸಮ್ಮರ್ ರೀಡಿಂಗ್ ಮುಗೀತಾ?" ಜೂನ್‌ನಲ್ಲಿ ಶಾಲೆ ಕೊಟ್ಟ ಪುಸ್ತಕದ ಪಟ್ಟಿ ಫ್ರಿಡ್ಜ್ ಬಾಗಿಲಿಗೆ ಅಂಟಿಕೊಂಡೇ ಇರುತ್ತದೆ. ಶಾಲೆ ಶುರುವಾಗುವ ಹೊತ್ತಿಗೆ ಬರುವ, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಹತ್ತಿರ ಬಂದಂತೆ ಅಪ್ಪ ಅಮ್ಮಂದಿರ ದನಿ ಏರುತ್ತದೆ. ಓದು ಅನ್ನುವುದು ತೀರಿಸಬೇಕಾದ ಸಾಲದ ಹಾಗಾಗುತ್ತದೆ.

ಊರಲ್ಲಿ ನಮಗೆ ಈ ಕಾಟ ಇರಲಿಲ್ಲ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದರೆ ಮೇ ಕೊನೆಯವರೆಗೆ ಯಾರೂ ಕೇಳುತ್ತಿರಲಿಲ್ಲ. ಅಜ್ಜಿ ಮನೆಯ ಅಟ್ಟದಲ್ಲಿ ಹಳೇ ಚಂದಮಾಮ, ಭಾರತ ಭಾರತಿಯ ಪುಟಾಣಿ ಪುಸ್ತಕಗಳು, ಅತ್ತೆ ಕತ್ತರಿಸಿ ಹೊಲಿದಿಟ್ಟ ವಾರಪತ್ರಿಕೆಯ ಧಾರಾವಾಹಿ. ಸಿಕ್ಕಿದ್ದನ್ನು ಓದಿದೆವು. ನಡುವಿನ ಕಂತು ಇಲ್ಲದಿದ್ದರೆ ಕಥೆಯನ್ನು ನಾವೇ ಕಟ್ಟಿಕೊಂಡೆವು. ರಜೆಯ ಕೊನೆ ವಾರವಂತೂ ಹೊಸ ಪಠ್ಯಪುಸ್ತಕಕ್ಕೆ ಬೈಂಡು ಹಾಕುವುದರಲ್ಲೇ ಕಳೆಯುತ್ತಿತ್ತು. ಹಾಕುತ್ತಾ ಹಾಕುತ್ತಾ ಕನ್ನಡ ಪುಸ್ತಕದ ಪಾಠಗಳನ್ನೆಲ್ಲ ಓದಿ ಮುಗಿಸುತ್ತಿದ್ದೆವು, ಅಲ್ವಾ?

ಹಾಗಂತ ಅದನ್ನು ಜಾಸ್ತಿ ಹೊಗಳಲಾರೆ. ಅಟ್ಟದಲ್ಲಿ ಪುಸ್ತಕ ಇಲ್ಲದ ಮನೆಯ ಮಕ್ಕಳಿಗೆ ಏನೂ ಸಿಗುತ್ತಿರಲಿಲ್ಲ. ನಮ್ಮೂರ ಲೈಬ್ರರಿಯಲ್ಲಿ ಮಕ್ಕಳ ಪುಸ್ತಕದ ಬೀರುವಿಗೆ ಬೀಗ. ಕೇಳಿದರೆ "ಪೇಪರ್ ಓದಿ ಹೋಗಿ" ಎಂಬ ಉತ್ತರ. 2020ರಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ 'ಓದುವ ಬೆಳಕು' ಶುರುವಾಗಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಇದು ನಮ್ಮ ಕಾಲಕ್ಕೇ ಬರಬೇಕಿತ್ತು.

ಅಮೆರಿಕದಲ್ಲಿ ನನಗೆ ಹೊಟ್ಟೆಕಿಚ್ಚು ಬರುವುದು ಈ ವಿಷಯಕ್ಕೇ. ಇನ್ನೂ ಶಾಲೆಗೆ ಹೋಗದ ಮಗುವಿಗೂ ಲೈಬ್ರರಿ ಕಾರ್ಡ್ ಕೊಡುತ್ತಾರೆ. ಚೀಲ ತುಂಬ ಪುಸ್ತಕ ತರಬಹುದು. ತಡವಾದರೆ ದಂಡ ಹಾಕುವುದನ್ನೂ ಎಷ್ಟೋ ಊರುಗಳು ಬಿಟ್ಟಿವೆ. ಷಿಕಾಗೋ 2019ರಲ್ಲೇ ಬಿಟ್ಟಿತು. ಆದರೆ ಇಷ್ಟು ಧಾರಾಳಿಗಳಾದ ಇವರೇ ಬೇಸಿಗೆ ಬಂದರೆ ನಿಮಿಷ ಎಣಿಸಲು ಕೂರುತ್ತಾರೆ. ಇಪ್ಪತ್ತು ನಿಮಿಷ ಓದಿದರೆ ಒಂದು ಗುರುತು, ಇಷ್ಟು ಗುರುತಿಗೆ ಒಂದು ಬಹುಮಾನ. ಮಕ್ಕಳು ಕಥೆ ಬಿಟ್ಟು ಗಡಿಯಾರ ನೋಡುತ್ತಾರೆ.

ಇದಕ್ಕೆ ಉತ್ತರ ಈ ದೇಶದಲ್ಲೇ ಇದೆ. ಫ್ಲಾರಿಡಾದಲ್ಲಿ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡುವ ರಿಚರ್ಡ್ ಆಲಿಂಗ್ಟನ್ ಮತ್ತು ಸಂಗಡಿಗರು ಬಡ ಮಕ್ಕಳಿಗೆ ಮೂರು ಬೇಸಿಗೆ, ಪ್ರತಿ ಸಲ 12 ಪುಸ್ತಕ ಕೊಟ್ಟರು. ಆರಿಸಿಕೊಂಡವರು ಮಕ್ಕಳೇ. ಹಾಡುಗಾರರು, ಟಿವಿ ತಾರೆಯರ ಪುಸ್ತಕಕ್ಕೇ ಹೆಚ್ಚು ಬೇಡಿಕೆ ಇತ್ತಂತೆ! ಆದರೂ ಪುಸ್ತಕ ಸಿಗದ ಮಕ್ಕಳಿಗಿಂತ ಇವರು ಓದಿನ ಪರೀಕ್ಷೆಯಲ್ಲಿ ಮುಂದಿದ್ದರು. 2010ರಲ್ಲಿ ಈ ಅಧ್ಯಯನ ಅಚ್ಚಾಯಿತು. ನಮ್ಮ ಅಟ್ಟದ ಓದೂ ಇದೇ ಅಲ್ಲವೇ? ಅಲ್ಲಿ ಆರಿಸುವಷ್ಟು ಪುಸ್ತಕ ಇರಲಿಲ್ಲ ಅನ್ನುವುದೊಂದೇ ಕೊರತೆ.

ಹಾಗಾಗಿ ಕೊನೆಯ ಹತ್ತು ದಿನಕ್ಕೆ ನಾನು ಹೇಳುವುದು ತೆಳ್ಳನೆಯ ಪುಸ್ತಕಗಳನ್ನೇ. ಇಷ್ಟವಾಗದಿದ್ದರೆ ಮಕ್ಕಳು ಅರ್ಧಕ್ಕೇ ಬಿಡಲಿ. ಸಮ್ಮರ್ ಕ್ಯಾಂಪ್ ಅಂದರೆ ಮುಖ ಸಿಂಡರಿಸುವ ಹುಡುಗರಿಗೆ ಲೂಯಿಸ್ ಸ್ಯಾಕರ್ ಬರೆದ 'ಹೋಲ್ಸ್'. ಅದರಲ್ಲಿನ ಕ್ಯಾಂಪಿನ ಹುಡುಗರು ದಿನಕ್ಕೊಂದು ಐದಡಿ ಆಳದ ಗುಂಡಿ ತೋಡಬೇಕು. ಶಾಲೆ ಶುರುವಾಗುವ ಮುಂಚಿನ ಭಾನುವಾರಕ್ಕೆ ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್'. 1935ರ ಈ ಪುಸ್ತಕ ಸುರುವಾಗುವುದೇ ಸೋಮವಾರ ಬೆಳಗ್ಗೆ, ಹೋಮ್‌ವರ್ಕ್ ಬಾಕಿ ಉಳಿಸಿಕೊಂಡ ಹುಡುಗನಿಂದ. ಇಲ್ಲಿ ಹುಟ್ಟಿದ ಮಕ್ಕಳಿಗೆ ಮಾಲ್ಗುಡಿ ಗೊತ್ತಿಲ್ಲದಿದ್ದರೂ ಆ ಸಂಕಟ ಚೆನ್ನಾಗಿ ಗೊತ್ತು.

ಕನ್ನಡದ್ದು? ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳುವ ಬದಲು ನೀವೇ ಗಟ್ಟಿಯಾಗಿ ಓದಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಒಂದೇ ಕೂತಿಗೆ ಮುಗಿಯುತ್ತದೆ. ಇಲಿಗಳ ದಂಡು ಹೊರಡುವ ಕಡೆ ಸ್ವಲ್ಪ ಜೋರಾಗಿ ಓದಿ, ನಾಚಿಕೆ ಬೇಡ. ದೊಡ್ಡ ಮಕ್ಕಳಿಗೆ ತೇಜಸ್ವಿಯವರ 'ಪರಿಸರದ ಕತೆ'. ರಾತ್ರಿಗೊಂದು ಕಥೆ ಸಾಕು. ಕಿವಿ ಎಂಬ ನಾಯಿ ಬಂದರೆ ಅವರೇ ಇನ್ನೊಂದು ಕೇಳುತ್ತಾರೆ. ಅಕ್ಷರ ಕಲಿಯುತ್ತಿರುವ ಪುಟ್ಟವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಚಿತ್ರದ ಕನ್ನಡ ಪುಸ್ತಕಗಳಿವೆ, ಅದಕ್ಕೂ ದುಡ್ಡಿಲ್ಲ.

ಮತ್ತೆ ಆ ಫ್ರಿಡ್ಜ್ ಮೇಲಿನ ಪಟ್ಟಿ? ಉಳಿದದ್ದನ್ನು ಕಾರಲ್ಲಿ ಆಡಿಯೋ ಹಾಕಿ ಕೇಳಿಸಿ. ಲೈಬ್ರರಿ ಕಾರ್ಡ್ ಇದ್ದರೆ ಲಿಬ್ಬಿ ಆ್ಯಪ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಟೀಚರ್ ಕೇಳಿದರೆ ಅದೂ ಓದಿದ ಲೆಕ್ಕವೇ ಎಂದುಬಿಡಿ. ನಾನಂತೂ ಹಾಗೇ ಹೇಳುವುದು.